ಬನ್ನಿ ತಿಂದ ಮಿಷನ್

ರಾಯಚೂರು
೧೯-೧೦-೧೯೮೩

ಮನೆಯವರಿಗೆ ಶೇಖಮ್ಮನ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇರುತ್ತೀರಿ, ದೇವದುರ್ಗದಲ್ಲಿ ಸುಟ್ಟ ಪಂಪ್‌ಸೆಟ್ಟುಗಳಿಗೇನು ಕಡಿಮೆಯೇ? ಯುಗಾದಿಯಿಂದ ಒಂದು ಸಾಲು ಬರೆಯದವಳು ಈಗೇಕೆ ಬರೆದಳು ಎಂದು ಹುಬ್ಬೇರಿಸಬೇಡಿ. ಕೆಲಸವಿದೆ, ಅದಕ್ಕೇ ಬರೆದೆ.

ನಮ್ಮ ಹೆರಿಗೆ ಆಸ್ಪತ್ರೆಗೆ ಡಾಕ್ಟರಮ್ಮನವರು ಬಟ್ಟೆ ಒಣಗಿಸುವ ಕರೆಂಟಿನ ಮಿಷನ್ ತರಿಸಿದ್ದಾರೆ. ಹೈದರಾಬಾದಿನ ಯಾವುದೋ ಮುಚ್ಚಿದ ಹೋಟೆಲಿನದು. ಒಳಗೆ ದೊಡ್ಡ ಡಬ್ಬಿ ತಿರುಗುತ್ತದೆ, ಬಿಸಿಗಾಳಿ ಬಟ್ಟೆಯನ್ನು ಒಣಗಿಸಿ ಹಿಂದಿನ ಕೊಳವೆಯಿಂದ ಹೊರಗೆ ಹೋಗುತ್ತದೆ. ದಸರೆಯವರೆಗೆ ಚೆನ್ನಾಗಿಯೇ ನಡೆಯಿತು. ಮರುದಿನ ಹಚ್ಚಿದೆವು. ಸ್ವಲ್ಪ ಹೊತ್ತು ಕಾಯ್ದು ತಣ್ಣಗಾಗಿಬಿಟ್ಟಿತು. ಈಗ ಡಬ್ಬಿ ತಿರುಗುತ್ತದೆ, ಬಿಸಿ ಮಾತ್ರ ಇಲ್ಲ. ನಮ್ಮ ವ್ಯಾನಿನ ಡ್ರೈವರ್, ಮಾನ್ವಿಯ ಬುರ್ಹಾನುದ್ದೀನ್ ಅಣ್ಣ ಫ್ಯೂಸ್ ನೋಡಿದರು, ಸರಿ ಇದೆ. ಊರಿನ ಮೆಕ್ಯಾನಿಕ್ ಬಂದು, "ಇಂಥಾದ್ದು ನಾ ಎಲ್ಲೂ ಕಂಡಿಲ್ಲ ಬೇ" ಎಂದು ಚಹಾ ಕುಡಿದು ಹೋದ. ಹೊರಗೆ ಜಿಟಿಜಿಟಿ ಮಳೆ. ಕೂಸುಗಳ ಬಟ್ಟೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿ ಒಣಗಿಸಿ ನನ್ನ ಬೆರಳಿಗೆ ಬೊಬ್ಬೆ ಬಂದಿದೆ.

ಡಾಕ್ಟರಮ್ಮ, "ನಿನ್ನ ಗಂಡ ಮೋಟಾರ್ ಕಟ್ಟತಾನಂತಲ್ಲ, ಕರಸಬಾರ್ದೇನು?" ಎಂದರು. ಯುಗಾದಿಯ ದಿನ ನಿಮ್ಮ ಅಣ್ಣ ಮುದುಕಪ್ಪನವರ ಎದುರಿಗೆ ನೀವು ಅಂದದ್ದು ಅವರಿಗೇನು ಗೊತ್ತು? "ಹೆರಿಗಿ ಬಟ್ಟಿ ತೊಳಿಯೋ ಕೈ ಅದು. ಆ ಕೈಯಾಗಿನ ರೊಟ್ಟಿ ನನಗ ಬ್ಯಾಡ" ಎಂದಿರಿ, ಗಂಗಾಳ ಸರಿಸಿ ಎದ್ದಿರಿ. ಅಂದೇ ನಾನು ಬಸ್ಸು ಹತ್ತಿದೆ. ಅದು ಇನ್ನೂ ನೋಯುತ್ತದೆ. ಆದ್ದರಿಂದ ನಿಮ್ಮನ್ನು ಕರೆಯುತ್ತಿಲ್ಲ. ಮಿಷನ್ನಿನಲ್ಲಿ ಎಲ್ಲಿ ನೋಡಬೇಕು ಎಂದಷ್ಟೇ ತಿಳಿಸಿ.

ಇಂತಿ,
ಶೇಖಮ್ಮ

*

ದೇವದುರ್ಗ
೨೩-೧೦-೧೯೮೩

ಶೇಖಮ್ಮನಿಗೆ ಹಂಪಯ್ಯನ ಆಶೀರ್ವಾದ.

ಕಾಗದ ಮುಟ್ಟಿತು. ಮೊದಲು ಇದನ್ನು ಓದು. ಮೇನ್ ಸ್ವಿಚ್ ತೆಗೆಯದೆ ಮಿಷನ್ ಮುಟ್ಟಬೇಡ. ಒದ್ದೆ ಕೈಯಲ್ಲಂತೂ ಬೇಡವೇ ಬೇಡ. ನೀನು ಅವಸರದವಳು. ನೀನು ದೂರ ನಿಲ್ಲು, ಡ್ರೈವರ್ ಬಿಚ್ಚಲಿ.

ಡಬ್ಬಿ ತಿರುಗುತ್ತಿದೆ ಎಂದರೆ ಮೋಟಾರು ಸರಿ ಇದೆ. ಬಿಸಿಗೆ ಬೇರೆ ತಂತಿಯ ಸುರುಳಿ ಇರುತ್ತದೆ, ಕರೆಂಟಿನ ಒಲೆಯಲ್ಲಿ ಇದ್ದಂತೆ. ಅಂಥ ಮಿಷನ್ ನಾನೂ ನೋಡಿಲ್ಲ. ಆದರೆ ಮಾನ್ವಿಯ ರೈಸ್‌ಮಿಲ್ಲಿನಲ್ಲಿ ಭತ್ತ ಒಣಗಿಸುವ ಬಿಸಿಗಾಳಿಯ ಯಂತ್ರ ರಿಪೇರಿ ಮಾಡಿದ್ದೇನೆ, ಲೆಕ್ಕ ಒಂದೇ. ಗಾಳಿ ಹೊರಗೆ ಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಕಾವು ಏರುತ್ತದೆ. ಬೆಂಕಿ ಹತ್ತಬಾರದೆಂದು ಒಂದು ಕಟೌಟ್ ಇಟ್ಟಿರುತ್ತಾರೆ, ಅದು ಸುರುಳಿಯ ಕರೆಂಟನ್ನು ಮಾತ್ರ ಬಿಡಿಸುತ್ತದೆ. ಹಿಂದಿನ ತಗಡಿನ ಹತ್ತಿರ ಅದರ ಸಣ್ಣ ಗುಂಡಿ ಇರಬೇಕು. ಕೊಳವೆ ಸ್ವಚ್ಛ ಮಾಡಿಸಿ, ಆಮೇಲೆ ಆ ಗುಂಡಿ ಒತ್ತಿಸು.

ಹಬ್ಬದ ಮರುದಿನವೇ ಕೆಟ್ಟಿತು ಎನ್ನುತ್ತೀ. ಹಬ್ಬದಲ್ಲಿ ಅದಕ್ಕೆ ಏನು ಮಾಡಿದಿರಿ? ಬರೆ.

ಬೊಬ್ಬೆಯನ್ನು ಒಡೆಯಬೇಡ. ಡಾಕ್ಟರಮ್ಮನ ಹತ್ತಿರ ಮುಲಾಮು ಕೇಳಿ ಹಚ್ಚಿಕೋ.

ಹಂಪಯ್ಯ

*

ರಾಯಚೂರು
೨೭-೧೦-೧೯೮೩

ಮನೆಯವರಿಗೆ ಶೇಖಮ್ಮನ ನಮಸ್ಕಾರಗಳು.

ಹಬ್ಬದಲ್ಲಿ ಏನು ಮಾಡಿದಿರಿ ಎಂದು ಕೇಳಿದಿರಿ. ಹೇಳಿದರೆ ನಗುತ್ತೀರಿ, ನಗಿ. ದಶಮಿಯ ಸಂಜೆ ಎಲ್ಲರೂ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣು" ಎಂದುಕೊಂಡೆವು. ಆಗ ನಮ್ಮ ಆಯಾ ಕನಕಮ್ಮ, "ಯವ್ವಾ, ನಮ್ಮ ರಟ್ಟಿ ಉಳಿಸಿದ್ದು ಈ ಮಿಷನ್ನು. ಇದಕ್ಕೂ ಬಂಗಾರ ಕೊಡೋಣು ಬರ್ರಿ" ಎಂದಳು. ಮಿಷನ್ನಿಗೆ ಕೈ ಎಲ್ಲಿದೆ? ಹಿಂದಿನ ಕೊಳವೆಯ ಬಾಯಿಗೇ ಎಲ್ಲರೂ ಒಂದೊಂದು ಹಿಡಿ ತುರುಕಿ ಕೈ ಮುಗಿದೆವು. ಬುರ್ಹಾನುದ್ದೀನ್ ಅಣ್ಣ ಕೊಳವೆ ಬಿಚ್ಚಿದರೆ ಎಲೆಗೆ ಬಟ್ಟೆಯ ನೂಲು ಮೆತ್ತಿ ಗುಬ್ಬಿಗೂಡಿನಂತೆ ಕೂತಿತ್ತು. "ಯಾ ಅಲ್ಲಾ, ಇದರ ಹೊಟ್ಟ್ಯಾಗ ಗಿಡಾನೇ ಅದಲ್ಲವಾ!" ಎಂದು ಅಣ್ಣ ನಕ್ಕಿದ್ದೇ ನಕ್ಕಿದ್ದು.

ನೀವು ಹೇಳಿದ ಗುಂಡಿ ಹೇಳಿದಲ್ಲೇ ಇತ್ತು. ಒತ್ತಿದರು. ಆದರೂ ಏನೋ ಸರಿಯಿಲ್ಲ. ಒಮ್ಮೆ ಬಿಸಿ ಅನ್ನಿಸುತ್ತದೆ, ಒಮ್ಮೆ ಇಲ್ಲ. ತಿಳಿದವರು ಕಣ್ಣಾರೆ ನೋಡಿದರೆ ಒಳ್ಳೆಯದು ಎನ್ನುತ್ತಾರೆ. ನಾನಲ್ಲ, ಡಾಕ್ಟರಮ್ಮ.

ಬರುವುದಾದರೆ ಒಂದು ಮಾತು ಕೇಳಿ ಬರಬೇಕು. ನಾನು ಈ ಕೆಲಸ ಬಿಡುವುದಿಲ್ಲ. ಹುಟ್ಟಿದ ಕೂಸಿನ ಮೈಗೆ ಮೊದಲು ತಾಗುವುದು ನಾನು ಒಗೆದ ಬಟ್ಟೆ. ಅದರಲ್ಲಿ ನನಗೆ ನಾಚಿಕೆಯಿಲ್ಲ. ನಿಮಗೆ ಇನ್ನೂ ಇದ್ದರೆ ಅಲ್ಲೇ ಇರಿ, ನಾನು ಮತ್ತೆ ಬರೆಯುವುದಿಲ್ಲ.

ಈ ವರ್ಷ ಮಿಷನ್ನಿಗೂ ಬನ್ನಿ ಕೊಟ್ಟೆ, ನಿಮಗೆ ಕೊಡಲಿಲ್ಲ. ಅದೊಂದು ಸಂಕಟ ನನಗೆ. ಇದರೊಳಗೆ ಎರಡು ಎಲೆ ಇಟ್ಟಿದ್ದೇನೆ. ಮಿಷನ್ನಿನ ಹೊಟ್ಟೆಯವಲ್ಲ, ಬೇರೆ.

ಇಂತಿ ನಿಮ್ಮ,
ಶೇಖಮ್ಮ

*

ದೇವದುರ್ಗ
೩೧-೧೦-೧೯೮೩

ಶೇಖಮ್ಮನಿಗೆ,

ಎಲೆ ಮುಟ್ಟಿದವು. ಅಂಗಡಿಯಲ್ಲಿ ಟೆಸ್ಟರ್ ಇಡುವ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.

ಒಮ್ಮೆ ಬಿಸಿ, ಒಮ್ಮೆ ಇಲ್ಲ ಎಂದರೆ ಎಲ್ಲೋ ತಂತಿ ಸಡಿಲವಾಗಿರಬೇಕು. ನೋಡದೆ ಹೇಳಲಾಗದು. ದೀಪಾವಳಿ ಅಮಾವಾಸ್ಯೆಯ ದಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಣ್ಣ ಮುದುಕಪ್ಪ, "ಹಬ್ಬದ ದಿನ ಮನಿ ಬಿಟ್ಟು ಎಲ್ಲಿಗೆ ಹೊಂಟೀಲೇ?" ಎಂದು ಕೇಳಿದ. "ರಾಯಚೂರಾಗ ಮಿಷನ್ ಕೆಟ್ಟದ" ಎಂದೆ.

ನೀನು ಕೆಲಸ ಬಿಡಬೇಡ. ಯುಗಾದಿಯ ದಿನದ ಮಾತಿನ ಬಗ್ಗೆ ಬರೆಯಲು ಹೋಗಿ ಎರಡು ಇನ್‌ಲ್ಯಾಂಡ್ ಕಾಗದ ಹರಿದು ಹಾಕಿದೆ. ಮೋಟಾರಿನ ವಿಷಯವಾದರೆ ಎಷ್ಟು ಬೇಕಾದರೂ ಬರೆದೇನು, ಇದು ನನ್ನಿಂದ ಆಗಲಿಲ್ಲ.

ಇಂತಿ ನಿನ್ನ,
ಹಂಪಯ್ಯ

ತಾ.ಕ.: ಶನಿವಾರ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಬುರ್ಹಾನುದ್ದೀನ್ ಸಿಕ್ಕಿದ್ದ. ಗುಂಡಿ ಒತ್ತಿದ ಗಳಿಗೆಯಿಂದ ಮಿಷನ್ ಕೆಂಡದಂತೆ ಕಾಯುತ್ತಿದೆಯಂತೆ, ಡಾಕ್ಟರಮ್ಮ ಎಲ್ಲರಿಗೂ ಪೇಢೆ ಹಂಚಿದರಂತೆ. ಆದರೂ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡಿದ್ದೇನೆ, ಅಣ್ಣನಿಗೆ ಹಾಗೆ ಹೇಳಿಯಾಗಿದೆಯಲ್ಲ. ದಾರಿಯಲ್ಲಿ ಎಲ್ಲೂ ಉಣ್ಣುವುದಿಲ್ಲ, ಹಸಿದುಕೊಂಡೇ ಬರುತ್ತೇನೆ. ಬೊಬ್ಬೆ ಮಾಯ್ದಿದ್ದರೆ ರೊಟ್ಟಿ ಬಡಿದಿಡು. ಬೇರೆ ಯಾರ ಕೈಯಿಂದಲೂ ಮಾಡಿಸಬೇಡ.