ನಿಮ್ಮ ನಕ್ಷೆಯಲ್ಲಿಲ್ಲದ ಪ್ರಪಾತ

ನಕ್ಷೆ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಘಟ್ಟದ ರಕ್ಷಿತಾರಣ್ಯದೊಳಗಿನ ಹೊಳೆಮೂಲದ ನಕ್ಷೆಯನ್ನು ಕಳೆದ ತಿಂಗಳು ಬಿಡುಗಡೆ ಮಾಡಿದಿರಿ. ಬಣ್ಣಗಳು ಬಹಳ ಚೆನ್ನಾಗಿವೆ. ಆದರೆ ನನ್ನ ತಮ್ಮ ಖಾಜಾ ಬಿದ್ದು ಸತ್ತ ಪ್ರಪಾತ ಅದರಲ್ಲಿ ಇಂದಿಗೂ ಸಾಧಾರಣ ಇಳಿಜಾರಾಗಿಯೇ ಇದೆ.

ನಾವು ದೇವದುರ್ಗದವರು. ಪುಣೆಗೆ ದುಡಿಯಲು ಹೋಗುತ್ತಿದ್ದ ಖಾಜಾ, ಹೋದ ವರ್ಷ ಗೆಳೆಯ ಪಂಪಾಪತಿಯ ಜೊತೆ ನಿಮ್ಮ ಸರ್ವೆ ತಂಡದ ಸಾಮಾನು ಹೊರಲು ಸೇರಿದ. ಕೃಷ್ಣೆಯ ಅಗಲವನ್ನಷ್ಟೇ ಕಂಡಿದ್ದವನು, "ಆಪಾ, ಇಲ್ಲಿ ಹೊಳಿ ದಾಟಾಕ ಒಂದ ಹೆಜ್ಜಿ ಸಾಕು" ಎಂದು ಅಕ್ಕನಾದ ನನಗೆ ಫೋನಿನಲ್ಲಿ ಹೇಳಿ ನಕ್ಕಿದ್ದ.

ಅಂದು ಬೆಟ್ಟಕ್ಕೆ ಮಂಜು ಕವಿದಿತ್ತು. "ಸಾಹೇಬ್ರ, ಕೆಳಗ ಏನೂ ಕಾಣವಲ್ದು. ಮಂಜು ಹರಿಯೋತನ ನಿಲ್ಲೂಣ್ರಿ" ಎಂದನಂತೆ ಖಾಜಾ. ತಂಡದ ಮುಖ್ಯಸ್ಥರು ಉಪಗ್ರಹ ಚಿತ್ರ ನೋಡಿ ಬರೆದ ಕರಡು ನಕ್ಷೆ ತೋರಿಸಿ, "ಇಲ್ಲಿ ಬರೀ ಇಳಿಜಾರಿದೆ, ಇಳಿ" ಎಂದರು. ಇಳಿದ. ಬಂಡೆಯ ನಡುವಿನ ಚಾಚಿನ ಮೇಲೆ ಬಿದ್ದ. ಪಂಪಾಪತಿ ಹಗ್ಗ ಹಿಡಿದು ಹೋಗಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಅರಣ್ಯ ಸಿಬ್ಬಂದಿ ಅದೇ ನಕ್ಷೆಯನ್ನು ನಂಬಿ ಕೆಳಗಿನಿಂದ ಹತ್ತಲು ಬಂದರು. ಎದುರಿಗೆ ಗೋಡೆಯಂಥ ಬಂಡೆ. ಅವರು ಸುತ್ತಿ ಬರುವಷ್ಟರಲ್ಲಿ ಮರುದಿನವಾಗಿತ್ತು. "ಕಾಲು ತಣ್ಣಗಾಗ್ಯಾವಲೇ. ಆಪಾಗ ಹೇಳಬ್ಯಾಡ" ಎಂದನಂತೆ ಖಾಜಾ ಆ ರಾತ್ರಿ ಪಂಪಾಪತಿಗೆ. ಅದೇ ಅವನ ಕೊನೆಯ ಮಾತು.

ರಾಯಚೂರಿನಿಂದ ರೈಲು ಹತ್ತಿ ನಾನೂ ಪಂಪಾಪತಿಯೂ ನಕ್ಷೆ ತಿದ್ದಿರೆಂದು ಕೇಳಲು ನಿಮ್ಮ ಕಚೇರಿಗೆ ಬಂದೆವು. "ನಕ್ಷೆ ಅಂತಿಮವಾಗಿದೆಯಮ್ಮಾ. ಅಂಥ ಒಳಕಾಡಿಗೆ ಯಾರು ಹೋಗುತ್ತಾರೆ?" ಎಂದರು ನಿಮ್ಮ ಸಹಾಯಕರು. ಯಾರು ಹೋಗುತ್ತಾರೆ? ನೀವು ಕಳಿಸಿದವರು ಹೋಗುತ್ತಾರೆ, ಸ್ವಾಮೀ! ಕಾಡು ಉಳಿಯಲು, ಹೊಳೆ ಉಳಿಯಲು ನಕ್ಷೆ ಬೇಕು, ಒಪ್ಪುತ್ತೇನೆ. ಅಲ್ಲಿ ಕಾಲಿಡುವವರನ್ನು ಉಳಿಸುವುದು ಯಾವ ಇಲಾಖೆಯ ಕೆಲಸ?

ಮೊನ್ನೆ ಅದೇ ನಕ್ಷೆ ಹಿಡಿದು ಆ ಬೆಟ್ಟಕ್ಕೇ ಹೋಗುವ ನಿಮ್ಮ ಎರಡನೆಯ ತಂಡದ ಸಾಮಾನು ಹೊರಲು ಇಲ್ಲಿಂದಲೇ ಜನ ಹೊರಟರು. ಬಸ್ಸಿನ ಕಿಟಕಿಯಲ್ಲಿ ಪಂಪಾಪತಿಯ ಮುಖ ಕಂಡು ಹತ್ತಿರಕ್ಕೆ ಓಡಿದೆ.

"ನೀನೂ ಹೊಂಟೇನೋ? ಇಳಿ ಕೆಳಗ!" ಎಂದೆ.

"ಹೊಸಬರು ಹೊಂಟಾರಕ್ಕ. ಆ ಜಾಗಾ ಅವರಿಗೆ ಯಾರು ತೋರಸ್ತಾರ?"

ಬಸ್ಸು ಹೊರಟಿತು. ನಾನು ತಡೆಯಲಿಲ್ಲ. ತಡೆಯಬೇಕಿತ್ತೋ ಏನೋ, ಇಂದಿಗೂ ತಿಳಿಯುತ್ತಿಲ್ಲ.

ಆ ತಂಡ ಬೆಟ್ಟ ಹತ್ತುವ ಮೊದಲು ಅದನ್ನು ನಿಲ್ಲಿಸಿ. ಆ ನಕ್ಷೆಯನ್ನು ಹಿಂದಕ್ಕೆ ಪಡೆದು, ಪ್ರಪಾತವನ್ನು ಪ್ರಪಾತವೆಂದೇ ಬರೆಯಿರಿ. ಪಂಪಾಪತಿ ಮನೆಗೆ ಬರಲಿ.

ಇಂತಿ,
ಬೇಡವಾಗಿದ್ದರೂ ನಕ್ಷೆ ಓದಲು ಕಲಿತ
ಜಾಹೆದಾ, ದೇವದುರ್ಗ