ನಾಲ್ಕನೆಯ ತಂತಿ

ಡಿಸೆಂಬರ್, ಭಾನುವಾರ ಬೆಳಿಗ್ಗೆ

ಗೋಡೆಯಾಚೆಯ ತಂಗಿಗೆ,

ಅಕ್ಕನಾದವಳು ಕಾಗದದ ಮೊದಲಿಗೆ ಆಶೀರ್ವಾದ ಬರೆಯಬೇಕು. ಈ ಸಲ ಅದನ್ನು ಕೈಬಿಟ್ಟಿದ್ದೇನೆ. ಪೂರ್ತಿ ಓದಿದ ಮೇಲೂ ಬೇಕೆನ್ನಿಸಿದರೆ ಹೇಳು, ಆಮೇಲೆ ನೋಡೋಣ.

ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ. ನೀನು ಸೀನಿದರೂ ನನಗೆ ಕೇಳಿಸುತ್ತದೆ. ಹಾಗಿದ್ದೂ ಕಾಗದ ಬರೆಯುವ ಗತಿ ಬಂತು. ಏನು ಮಾಡಲಿ, ನಾನು ಅಂಗಳದಲ್ಲಿ ನಿಂತು ಬಾಯಿ ತೆರೆದರೆ ಸಾಕು, ನಿನ್ನ ಯಜಮಾನರು ರೇಡಿಯೋ ಜೋರು ಮಾಡುತ್ತಾರೆ. ಅವರಿಗೆ ಸಂಗೀತದ ಮೇಲೆ ಇಷ್ಟೊಂದು ಪ್ರೀತಿ ಇದೆಯೆಂದು ಮದುವೆಯ ಹೊತ್ತಿನಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆದು, ನೀನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಿಕ್ಕಿಸುತ್ತೇನೆ. ಬಟ್ಟೆ ತೆಗೆಯುವಾಗ ಹೇಗೂ ಕೈಗೆ ಸಿಗುತ್ತದೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ನೀನು ನಮ್ಮ ಕ್ರಿಸ್‌ಮಸ್ ಮರದ ತಂತಿಯನ್ನು ಬಿಚ್ಚಿ, ಸುರುಳಿ ಸುತ್ತಿ, ಗೋಡೆಯ ಮೇಲಿಂದ ನಮ್ಮ ಅಂಗಳಕ್ಕೆ ಎಸೆದೆಯಲ್ಲ, ಅದು ದೀಪದ ಸರಕ್ಕೆ ಬಡಿದು ಒಂದು ಸಾಲು ಪೂರ್ತಿ ಆರಿಹೋಯಿತು. ಅದಕ್ಕೆ ನನಗೆ ಬೇಸರವಿಲ್ಲ, ಬಲ್ಬು ಅಂಗಡಿಯಲ್ಲಿ ಸಿಗುತ್ತದೆ. ಎಸೆಯುತ್ತಾ ನೀನು ಆಡಿದ ಮಾತಿಗೆ ಹೊಟ್ಟೆ ಉರಿಯುತ್ತಿದೆ. "ನಿನ್ನ ಮರ, ಬಿದ್ರೆ ನಿನ್ನ ಕಡೆಗೇ ಬೀಳ್ಲಿ" ಅಂದೆ. ಮಹಡಿಯ ಮೇಲೆ ಅಮ್ಮನ ಕಿಟಕಿ ತೆರೆದಿತ್ತು. ಅವಳಿಗೆ ಮಾತು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ.

ಆ ತಂತಿ ಕಟ್ಟಲೆಂದು ನಾನು ಗೋಡೆ ಹತ್ತಿ ನಿನ್ನ ಅಂಗಳಕ್ಕೆ ಇಳಿದದ್ದು ನಿಜ. ನೀನು ಕೆಲಸಕ್ಕೆ ಹೋದದ್ದನ್ನು ನೋಡಿಕೊಂಡೇ ಇಳಿದೆ. ನಿನ್ನ ಭಾವನ ಕೈಲಿ ಕೇಳಿ ಕಳಿಸಿದಾಗ ನೀನು ಆಗಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ ಮೇಲೆ ನನಗೆ ಉಳಿದಿದ್ದ ದಾರಿ ಅದೊಂದೇ. ಈ ಮಂಡಿನೋವು ಇಟ್ಟುಕೊಂಡು ಗೋಡೆ ಹತ್ತಿದ್ದೇನೆ, ಅದಕ್ಕಾದರೂ ಸ್ವಲ್ಪ ಮರ್ಯಾದೆ ಕೊಡಬಹುದಿತ್ತು. ಅಪ್ಪ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಕೊಂಡಿಗೆ ನೀನು ನಾಯಿ ಕಟ್ಟಿದ್ದೀಯ. ಅದು ಬೊಗಳಲಿಲ್ಲ, ಬಾಲ ಅಲ್ಲಾಡಿಸಿ ನನ್ನ ಕೈ ನೆಕ್ಕಿತು. ಆ ಮನೆಯಲ್ಲಿ ಇಷ್ಟು ದಿನದಲ್ಲಿ ನನ್ನನ್ನು ವಿಚಾರಿಸಿಕೊಂಡದ್ದು ಅದೊಂದೇ ಜೀವ.

ಮರದ ಕಥೆ ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಎಲ್ಲ ಮರೆತವಳ ಹಾಗೆ ನಡೆದುಕೊಳ್ಳುತ್ತಿದ್ದೀಯ, ಅದಕ್ಕೆ ನೆನಪಿಸುತ್ತೇನೆ. ಕೊಳಾಯಿ ಕೆಲಸದ ಅಪ್ಪನಿಗೆ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಕೈ ಸುಮ್ಮನಿರುತ್ತಿರಲಿಲ್ಲ. ದಪ್ಪ ಪೈಪಿನೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು ಕೂರಿಸಿ, ಬೋಲ್ಟು ಹಾಕಿ, ಮಹಡಿಗಿಂತ ಎತ್ತರದ ಕಂಬ ಮಾಡಿದ. ನಾವಿಬ್ಬರೂ ಜಗಳವಾಡಿಕೊಂಡು ತುಳಿಯುತ್ತಿದ್ದ ಹಳೆ ಸೈಕಲ್ಲಿನ ಚಕ್ರದ ಬಳೆಯನ್ನು ತೆಗೆದು ಅದಕ್ಕೆ ದೀಪದ ಸರಗಳನ್ನು ಕಟ್ಟಿ, ರಾಟೆಯಲ್ಲಿ ತುದಿಗೆ ಏರಿಸಿದ. ಸರಗಳ ಕೆಳತುದಿಯನ್ನು ಸುತ್ತಲೂ ನೆಲಕ್ಕೆ ಗೂಟ ಹೊಡೆದು ಎಳೆದು ಕಟ್ಟಿದ ಮೇಲೆ ಅದೇ ನಮ್ಮ ಮರ, ಸಂಜೆ ಸ್ವಿಚ್ಚು ಒತ್ತಿದರೆ ಇಡೀ ಬೀದಿ ನಮ್ಮ ಗೇಟಿನ ಮುಂದೆ.

ಆದರೆ ಅಪ್ಪನ ತಲೆನೋವು ದೀಪದ್ದಲ್ಲ, ಕಂಬದ್ದು. ಸರಗಳು ತೂಕ ಹಾಕುತ್ತವೆಯೇ ವಿನಾ ಕಂಬವನ್ನು ಹಿಡಿದು ನಿಲ್ಲಿಸುವುದಿಲ್ಲ. ಅದಕ್ಕೇ ಅಂಗಳದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಕೊಂಡಿ ಹೂತು, ಕಂಬದ ಮೇಲಿನಿಂದ ನಾಲ್ಕು ತಂತಿ ಎಳೆದು ಬಿಗಿಯುತ್ತಿದ್ದ. ಮುಂದಿನದು, ಹಿಂದಿನದು ಅವನ ಪಾಲಿಗೆ. ಬಲಗಡೆಯದು ನನಗೆ, ಎಡಗಡೆಯದು ನಿನಗೆ. ತಂತಿ ಹಿಡಿದು ನಿಂತ ನಮಗೆ ಕಂಬ ಯಾವ ಕಡೆ ವಾಲಿದೆಯೆಂದು ತಿಳಿಯುತ್ತಿರಲಿಲ್ಲ, ಅದಕ್ಕೆ ಅಮ್ಮ ಮಹಡಿಯ ಕಿಟಕಿಯಲ್ಲಿ. ಅವಳು ಕೂಗಿ ಹೇಳುತ್ತಿರಲಿಲ್ಲ. ಬಲಗೈ ಎತ್ತಿ ಆಡಿಸಿದರೆ ನಾನು ಎಳೆಯಬೇಕು, ಎಡಗೈ ಆಡಿಸಿದರೆ ನೀನು. ಎರಡೂ ಕೈ ಇಳಿಸಿದಳೆಂದರೆ ಕಂಬ ನೇರವಾಯಿತೆಂದು ಅರ್ಥ. ಕೆಳಗೆ ನಿಂತವರು ತಮ್ಮ ಕಣ್ಣು ನಂಬಬಾರದು, ಕಿಟಕಿಯಲ್ಲಿ ಇರುವವಳ ಕೈ ನಂಬಬೇಕು ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ.

ಅಪ್ಪ ಹೋದ. ಮನೆ ಎರಡು ಪಾಲಾಯಿತು. ಕಂಬದ ಗುಂಡಿ ಮತ್ತು ಮೂರು ಕೊಂಡಿ ನನ್ನ ಕಡೆ ಬಂದವು, ಎಡಗಡೆಯ ಕೊಂಡಿ ಗೋಡೆಯಾಚೆ ನಿನಗೆ ಹೋಯಿತು. ಮಾತು ಇದ್ದಷ್ಟು ದಿನ ನೀನು ನಿನ್ನ ಕಡೆಯಿಂದ ತಂತಿ ಕಟ್ಟಿದೆ. ಅಮ್ಮನಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಯಿಂದ ಕರೆತಂದ ದಿನ, ಅವಳನ್ನು ನಿನ್ನ ಕೆಳಗಿನ ಕೋಣೆಯಲ್ಲಿ ಮಲಗಿಸೋಣವೆಂದು ನೀನು, ಅವಳ ಮಹಡಿಯ ಕೋಣೆಯೇ ಸರಿ ಎಂದು ನಾನು. ಮಾತಿಗೆ ಮಾತು ಬೆಳೆಯಿತು. ಯಾರು ಏನು ಅಂದರು ಎನ್ನುವುದು ಈಗ ಬೇಡ. ಮಾತು ಬಿಟ್ಟೆವು, ಮರವನ್ನೂ ಬಿಟ್ಟೆವು. ಅಂದಿನಿಂದ ನೀನು ಅವಳನ್ನು ನೋಡಲು ಒಂದು ಸಲವೂ ಬಂದಿಲ್ಲ. ಬೀದಿಯವರು ನನ್ನ ಹತ್ತಿರ ನಿನ್ನ ಬಗ್ಗೆ ಕೇಳಿದರೆ ತರಕಾರಿಯ ರೇಟು ಮಾತಾಡುತ್ತೇನೆ.

ಅವಳ ಬಲಭಾಗ ಪೂರ್ತಿ ಬಿದ್ದುಹೋಗಿದೆ. ಬೆಳಿಗ್ಗೆ ಎದ್ದು ಅವಳ ಮೈ ಒರೆಸುತ್ತೇನೆ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚುತ್ತೇನೆ. ಮಗ್ಗುಲು ಬದಲಿಸುತ್ತೇನೆ. ಗಂಜಿ ಕುಡಿಸುತ್ತೇನೆ, ಅರ್ಧ ಒಳಗೆ, ಅರ್ಧ ನನ್ನ ಮೈಮೇಲೆ. ಹೇಳಿಕೊಳ್ಳಲೆಂದು ಬರೆಯುತ್ತಿಲ್ಲ. ಸುಳ್ಳೇಕೆ, ಹೇಳಿಕೊಳ್ಳಲೆಂದೇ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಲಿ?

ಚಳಿ ಶುರುವಾದಾಗಿನಿಂದ ಅವಳಿಗೆ ಒಂದು ಹೊಸ ಹಟ. ದಿಂಬಿಗೆ ಒರಗಿಸಿ ಕೂರಿಸಿದ ಕೂಡಲೇ ಕಿಟಕಿಯ ಕಡೆ ನೋಡಿ ಎಡಗೈ ಎತ್ತಿ ಆಡಿಸುತ್ತಾಳೆ. ನೀರು ಕೊಟ್ಟೆ, ಬೇಡ. ಕಿಟಕಿ ಮುಚ್ಚಿದೆ, ಗಂಟಲಲ್ಲೇ ಕೂಗಿದಳು. ತೆರೆದೆ, ಮತ್ತೆ ಕೈ. ಒಂದು ದಿನ ತಟ್ಟನೆ ಹೊಳೆಯಿತು. ಕ್ರಿಸ್‌ಮಸ್ ಬಂತು, ಅವಳು ಮರ ಕೇಳುತ್ತಿದ್ದಾಳೆ! ಮಾತಿಲ್ಲದವಳು ಕೇಳಿದ್ದು ಕೊನೆಗೂ ನನಗೆ ತಿಳಿಯಿತೆಂದು ಎಷ್ಟು ಖುಷಿಯಾಯಿತು ಗೊತ್ತೆ? ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ.

ಕಂಬ ಎತ್ತುವುದಕ್ಕೆ ನಿನ್ನ ಭಾವನನ್ನು ಎಬ್ಬಿಸಿದೆ. ಅವರ ವಿಷಯ ನಿನಗೆ ಗೊತ್ತೇ ಇದೆ, ಕುರ್ಚಿ ಹತ್ತಿದರೂ ತಲೆ ಸುತ್ತುವ ಮನುಷ್ಯ. ಏಣಿ ಮೇಲೆ ನಾನು, ಕೆಳಗೆ ಏಣಿ ಹಿಡಿದು ಕಣ್ಣು ಮುಚ್ಚಿಕೊಂಡು ಅವರು. ಹೇಗೋ ಕಂಬ ಗುಂಡಿಗೆ ಇಳಿಯಿತು. ಮೂರು ತಂತಿ ಮೂರು ಕೊಂಡಿಗೆ ಬಿದ್ದವು. ನಾಲ್ಕನೆಯದಕ್ಕೆ, ನೀನು ಆಗಲ್ಲ ಅಂದಿದ್ದರಿಂದ, ಗೋಡೆಯ ಈಚೆಗೆ ಒಂದು ಡ್ರಮ್ಮಿಟ್ಟು ಒದ್ದೆ ಮರಳು ತುಂಬಿ ಅದಕ್ಕೇ ಕಟ್ಟಿದೆವು. ಸರಗಳನ್ನು ಏರಿಸಿ ದೀಪ ಹಾಕಿ ಓಡಿಹೋಗಿ ಅಮ್ಮನನ್ನು ಕೂರಿಸಿದೆ. ನೋಡಿದಳು. ಆಮೇಲೆ ಎಡಗೈ ಎತ್ತಿ ಆಡಿಸಿದಳು.

ಕೆಳಗಿಳಿದು ಎಡಗಡೆಯ ತಂತಿ ಬಿಗಿದೆ. ನನ್ನ ಕಣ್ಣಿಗೆ ಕಂಬ ಮೊದಲೇ ನೇರವಾಗಿತ್ತು, ಆದರೆ ಅಪ್ಪನ ಮಾತು ನೆನಪಿತ್ತಲ್ಲ. ಮೇಲೆ ಬಂದೆ, ಮತ್ತೆ ಎಡಗೈ. ಇನ್ನೂ ಬಿಗಿದೆ. ಮತ್ತೆ ಎಡಗೈ. ಕೊನೆಗೆ ಡ್ರಮ್ಮು ನೆಲದ ಮೇಲೆ ಜರುಗತೊಡಗಿತು, ಅವಳ ಕೈ ಮಾತ್ರ ಇಳಿಯಲಿಲ್ಲ. ಡ್ರಮ್ಮು ಅಪ್ಪನ ಕೊಂಡಿಯಷ್ಟು ದೂರದಲ್ಲಿಲ್ಲ, ತಂತಿ ನೆಟ್ಟಗೆ ಕೆಳಗಿಳಿದಿದೆ, ಹಾಗಾಗಿ ಹಿಡಿತ ಸಾಲದು, ನಿನ್ನ ಅಂಗಳದ ಕೊಂಡಿಯೇ ಬೇಕು ಎಂದುಕೊಂಡೆ. ಅದಕ್ಕೇ ಗೋಡೆ ಹತ್ತಿದ್ದು. ಅದನ್ನೂ ನೀನು ಬಿಚ್ಚಿ ಎಸೆದೆ.

ರಾತ್ರಿಯೇ ತಂತಿಯನ್ನು ಮತ್ತೆ ಡ್ರಮ್ಮಿಗೆ ಕಟ್ಟಿ, ಅಮ್ಮನ ಕೈ ನೋಡಿ ಬಿಗಿದೆ, ಈಗ ಮರ ನಿನ್ನ ಗೋಡೆಯ ಕಡೆಗೇ ವಾಲಿಕೊಂಡು ನಿಂತಿದೆ. ಬೆಳಿಗ್ಗೆಯಿಂದ ಗಾಳಿ ಬೇರೆ ಎದ್ದಿದೆ. ನಿನ್ನನ್ನು ಕೇಳುವುದು ಇಷ್ಟೇ: ನಾಯಿಯನ್ನು ಬೇರೆ ಕಡೆ ಕಟ್ಟು, ಕೊಂಡಿ ಬಿಡು. ಹಬ್ಬ ಮುಗಿಯುವವರೆಗೆ. ನನಗಾಗಿ ಕೇಳುತ್ತಿಲ್ಲ, ನಿನ್ನ ಮುಂದೆ ಕೈಚಾಚುವುದಕ್ಕಿಂತ ಆ ಕಂಬ ನನ್ನ ತಲೆಯ ಮೇಲೆ ಬೀಳುವುದು ವಾಸಿ. ಅಮ್ಮ ಕೇಳುತ್ತಿದ್ದಾಳೆ. ಅವಳ ಹತ್ತಿರ ಉಳಿದಿರುವುದು ಒಂದು ಕೈ, ಆ ಕೈಯಲ್ಲಿ ಅವಳು ಕೇಳುವುದು ಇದೊಂದನ್ನೇ. ಅದನ್ನೂ ಇಲ್ಲವೆನ್ನುವಷ್ಟು ಕಲ್ಲುಮನಸ್ಸು ನಿನಗೆ ಎಲ್ಲಿಂದ ಬಂತು?

ಉತ್ತರ ಬೇಡ. ಕೊಂಡಿ ಖಾಲಿ ಕಂಡರೆ ಸಾಕು, ನಾನೇ ಕಟ್ಟಿಕೊಳ್ಳುತ್ತೇನೆ.

ಇಂತಿ,
ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ
ನಿನ್ನ ಅಕ್ಕ

ಮತ್ತೆ: ಸಂಜೆಯಾಯಿತು, ಕಾಗದ ಇನ್ನೂ ನನ್ನ ಹತ್ತಿರವೇ ಇದೆ. ನೀನು ಕೊಂಡಿ ಬಿಡುವುದು ಬೇಕಾಗಿಲ್ಲ. ಮಧ್ಯಾಹ್ನ ಗಾಳಿ ಜೋರಾಗಿ ಡ್ರಮ್ಮು ಉರುಳಿತು. ಯಾರ ಮೇಲಾದರೂ ಬಿದ್ದೀತೆಂದು ಹೆದರಿ ನಿನ್ನ ಭಾವ ಮತ್ತು ನಾನು ಸರ ಬಿಚ್ಚಿ, ಕಂಬ ಇಳಿಸಿ, ಅಂಗಳದಲ್ಲಿ ಮಲಗಿಸಿದೆವು. ಅಮ್ಮನಿಗೆ ಹೇಗೆ ಹೇಳಲಿ ಎಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಆಮೇಲೆ ಅವಳನ್ನು ಒರಗಿಸಿ ಕೂರಿಸಿ, ಮರ ಇಲ್ಲಮ್ಮ, ಈ ವರ್ಷ ನನ್ನ ಕೈಲಿ ಆಗಲಿಲ್ಲ ಅಂದೆ. ಅವಳು ಖಾಲಿ ಅಂಗಳ ನೋಡಿದಳು. ನೋಡಿ, ಎಡಗೈ ಎತ್ತಿ ಆಡಿಸಿದಳು.

ಮರವೇ ಇಲ್ಲ, ಬಿಗಿಯಲು ತಂತಿಯೂ ಇಲ್ಲ. ಆ ಹೊತ್ತಿಗೇ ನೀನು ನಾಯಿಗೆ ಅನ್ನ ಹಾಕಲು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಅವಳ ಮುಖದಲ್ಲಿ ಆಡುವ ಅರ್ಧ ನಕ್ಕಿತು. ನಾನು ಮಾಡುವ ಯಾವ ಸೇವೆಗೂ ಅದು ಹಾಗೆ ನಕ್ಕಿರಲಿಲ್ಲ. ನೀನು ಒಳಗೆ ಹೋದೆ, ಕೈ ಮತ್ತೆ ಎದ್ದಿತು.

ಎಡಗೈ ಎತ್ತಿದರೆ ನಿನಗೆ. ಎಂದಿನಿಂದಲೂ ಹಾಗೇ ಇತ್ತು, ನಾನೇ ಅದನ್ನು ಮರಕ್ಕೆ ಕಟ್ಟಿದೆ. ನನ್ನನ್ನು ಕರೆಯುತ್ತಿದ್ದ ಕೈ ಸತ್ತುಬಿದ್ದಿದೆ, ಅದಕ್ಕೆ ದಿನವೂ ಎಣ್ಣೆ ಹಚ್ಚುತ್ತಿದ್ದೇನೆ.

"ನನ್ನ ಹೊಸಿಲು ತುಳೀಬೇಡ" ಎಂದು ಆ ದಿನ ಅಂದವಳು ನಾನು. ಆಡಿದ ಮಾತನ್ನು ನುಂಗಿಕೊಳ್ಳುವುದು ನನಗೆ ಬರುವುದಿಲ್ಲ, ನಿನ್ನನ್ನು ಕ್ಷಮಿಸುವುದೂ ಬರುವುದಿಲ್ಲ. ಗೇಟಿನ ಚಿಲಕ ಮಾತ್ರ ತೆಗೆದಿಟ್ಟಿದ್ದೇನೆ, ಬಾ. ಬಂದವಳು ಹಾಸಿಗೆಯ ಎಡಗಡೆ ಕೂತುಕೋ. ಬಲಗಡೆ ನನ್ನ ಜಾಗ, ಅಲ್ಲಿ ಯಾರು ಮುಟ್ಟಿದರೂ ಅವಳಿಗೆ ಗೊತ್ತಾಗುವುದಿಲ್ಲ.