ಮೋಡ ಇಳಿಸಿದ ಮೇಲೆ

ರೀ,

ನೀವು ಬಿಟ್ಟುಹೋದ ವಿಮಾನದ ಗೇಮಿನಲ್ಲಿ ಇವತ್ತು ನಾನೇ ಹ್ಯೂಸ್ಟನ್ನಿಂದ ಹಾರಿ ಡಲ್ಲಾಸ್‌ನಲ್ಲಿ ಇಳಿದೆ. ನೀವು ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಎಲ್ಲ ಪೂರ್ತಿ ಏರಿಸಿಡುತ್ತಿದ್ದಿರಿ. ಇಳಿಯುವಾಗ ಚಿತ್ರ ತಡೆತಡೆದು ವಿಮಾನ ಅಪ್ಪಳಿಸಿದರೆ ಕಂಪ್ಯೂಟರನ್ನು ಬೈಯುತ್ತಿದ್ದಿರಿ. ನಾನು ಮೋಡ, ನೆರಳು, ನೀರಿನ ಹೊಳಪು ಎಲ್ಲವನ್ನೂ ಇಳಿಸಿದೆ. ಫ್ರೇಮ್‌ರೇಟ್ ಏರಿ ಚಿತ್ರ ಸರಾಗವಾಗಿ ಓಡಿತು. ಚಕ್ರ ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ.

"ಅವ್ವಾ, ಅಪ್ಪಗ ಒಮ್ಮೆನೂ ಹಿಂಗ ಇಳಿಸಾಕ ಆಗಿದ್ದಿಲ್ಲ!" ಎಂದು ನಮ್ಮ ಶೀತಲ್ ಚಪ್ಪಾಳೆ ತಟ್ಟಿದಳು. ಸುಳ್ಳೇಕೆ ಹೇಳಲಿ, ನಾನೂ ಬೀಗಿದೆ.

ಅವಳು ತನ್ನ ಮನೆಗೆ ಹೊರಟ ಮೇಲೆ ಎಲ್ಲವನ್ನೂ ಮತ್ತೆ ನಿಮ್ಮಂತೆಯೇ ಏರಿಸಿದೆ. ನಿಂತ ವಿಮಾನಕ್ಕೆ ಫ್ರೇಮ್‌ರೇಟ್ ಯಾಕೆ ಬೇಕು?

"ಒಲಿ ಸಣ್ಣ ಮಾಡಿ ಬಾ ಇಲ್ಲೆ, ಮೋಡ ನೋಡೀಯಂತ" ಎಂದು ಕರೆಯುತ್ತಿದ್ದಿರಲ್ಲ.

ಇವತ್ತು ನೋಡಿದೆ. ಭಾಳ ಚಂದ ಅದಾವ್ರೀ.